ಮಲೆನಾಡಿನ ಹಳ್ಳದಲ್ಲಿ ಪಾಚಿ ಮೇಯುವ ಮೀನನ್ನು ನೋಡುವ ಬಗೆ

ತೀರ್ಥಹಳ್ಳಿ, ಹೊಸನಗರದ ಕಡೆಯ ಹಳ್ಳಗಳಲ್ಲಿ ಗಾರಾ ಕುಲದ ಮೀನನ್ನು ಹುಡುಕುವವರು ಮೊದಲು ನೀರನ್ನಲ್ಲ, ಕಲ್ಲನ್ನು ನೋಡಬೇಕು. ಗೇಣುದ್ದ ಮೀರದ ಈ ಮೀನಿನ ಬಾಯಿ ತಲೆಯ ಅಡಿಭಾಗದಲ್ಲಿದ್ದು, ಅದರ ಹಿಂದೆಯೇ ಬಿಲ್ಲೆಯಂತಹ ಹೀರುಭಾಗವಿರುವುದರಿಂದ, ರಭಸದ ನೀರಿನಲ್ಲಿಯೂ ಅದು ಬಂಡೆಗೆ ಅಂಟಿ ನಿಂತು ಪಾಚಿಯನ್ನು ಕೆರೆದು ತಿನ್ನಬಲ್ಲದು. ಪಾಚಿಗೆ ಬಿಸಿಲು ಬೇಕು; ಆದಕಾರಣ ಮರಗಳ ನೆರಳು ತುಸು ಬಿಟ್ಟುಕೊಟ್ಟ, ಪಾದದಿಂದ ಮೊಣಕಾಲಿನವರೆಗೆ ಆಳವಿರುವ, ಕಲ್ಲುಗಳ ನಡುವೆ ನೀರು ಹರಿಯುತ್ತಿರುವ ಜಾಗವನ್ನು ಆರಿಸಿಕೊಳ್ಳಿ. ಕಲ್ಲಿನ ಮೇಲಿನ ಕಂದು ಪದರದಲ್ಲಿ ಅಲ್ಲಲ್ಲಿ ನೆಕ್ಕಿದಂತಹ ಗುರುತುಗಳಿದ್ದರೆ ಅಲ್ಲಿಯೇ ಕಾದು ಕುಳಿತುಕೊಳ್ಳಬಹುದು.

ಮಳೆಗಾಲದ ಕೆಂಪು ನೀರಿನಲ್ಲಿ ಏನೂ ಕಾಣದು. ದೀಪಾವಳಿ ಕಳೆದು ನೀರು ತಿಳಿಯಾದ ಮೇಲೆ, ಇಂಬಳದ ಕಾಟವೂ ತಗ್ಗಿದಾಗ, ಬಿಸಿಲು ಏರಿದ ಹೊತ್ತಿನಲ್ಲಿ ಹೋಗುವುದು ಲೇಸು. ಮೀನು ಹರಿವಿಗೆ ಎದುರಾಗಿ ಮುಖಮಾಡಿ ನಿಲ್ಲುವುದರಿಂದ ಕೆಳಗಿನಿಂದ ಮೇಲಕ್ಕೆ ನಡೆಯಬೇಕು. ಹೀಗೆ ಹೋದರೆ ನೀವು ಕದಡಿದ ಮಣ್ಣೂ ಅದರ ಕಡೆಗೆ ಹರಿಯುವುದಿಲ್ಲ. ಪಾರದರ್ಶಕ ತಳದ ಪ್ಲಾಸ್ಟಿಕ್ ಡಬ್ಬಿಯೊಂದನ್ನು ನೀರಿನ ಮೇಲೆ ತುಸು ಒತ್ತಿ ಹಿಡಿದು ಅದರೊಳಗಿಂದ ನೋಡಿದರೆ ಅಲೆಯ ಮಿನುಗು ಅಡ್ಡಬರದು. ಚಿಬ್ಬಲಗುಡ್ಡೆಯ ಮತ್ಸ್ಯಧಾಮದಲ್ಲಿ ಮಂಡಕ್ಕಿ ಎಸೆದು ರೂಢಿಯಾದವರು ಇಲ್ಲಿ ಕೈ ಕಟ್ಟಿಕೊಂಡಿರಬೇಕು, ಏಕೆಂದರೆ ಈ ಮೀನಿನ ಊಟ ಕಲ್ಲಿನ ಮೇಲಿದೆ.

ಕಲ್ಲಿಗೆ ಅಂಟಿದ್ದೆಲ್ಲ ಗಾರಾ ಅಲ್ಲ. ಎದೆಯ ಮತ್ತು ಹೊಟ್ಟೆಯ ರೆಕ್ಕೆಗಳನ್ನು ಅಗಲವಾಗಿ ಹರಡಿ ಹಲ್ಲಿಯಂತೆ ಚಪ್ಪಟೆಯಾಗಿ ಕುಳಿತದ್ದು ಭವಾನಿಯಾ ಎಂಬ ಬೇರೆ ಕುಲದ್ದಾಗಿರಬಹುದು. ಅಂಗಡಿಯಲ್ಲಿ ‘ಸಕ್ಕರ್’ ಎಂದು ಮಾರುವ ಮೀನಂತೂ ದಕ್ಷಿಣ ಅಮೆರಿಕದ್ದು. ಮನೆಯ ತೊಟ್ಟಿಗೆ ದೊಡ್ಡದಾಯಿತೆಂದು ಅದನ್ನು ತುಂಗೆಗೆ ಬಿಡಲೇಬಾರದು.

ಕಲ್ಲನ್ನು ಮಗುಚಿ ನೋಡುವ ಆಸೆಯನ್ನು ತಡೆದುಕೊಳ್ಳಿ. ಅದರಡಿ ಹುಳುಗಳ ಮರಿಗಳೂ ಗೊದಮೊಟ್ಟೆಗಳೂ ಇರುತ್ತವೆ. ಇದಕ್ಕಿಂತ ಮುಖ್ಯವಾದ ಮಾತು ತೋಟದವರಿಗೆ ಸಂಬಂಧಿಸಿದ್ದು. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಶೇಕಡಾ 1ರ ಬೋರ್ಡೋ ದ್ರಾವಣದಲ್ಲಿರುವ ಮೈಲುತುತ್ತ ಪಾಚಿಗೂ ಮೀನಿಗೂ ವಿಷ. ಮುಂಗಾರಿಗೆ ಮುನ್ನ, ಹಳ್ಳ ತೀರಾ ಬಡಕಲಾಗಿರುವಾಗಲೇ ಮೊದಲ ಸಿಂಪಡಣೆ ನಡೆಯುವುದರಿಂದ, ಡ್ರಮ್ಮನ್ನೂ ಪಂಪನ್ನೂ ಹಳ್ಳದಲ್ಲಿ ತೊಳೆಯದೆ, ತೊಳೆದ ನೀರು ಹರಿದು ಹಳ್ಳಕ್ಕೆ ಸೇರದಂತೆ ತೋಟದೊಳಗೇ ದೂರದಲ್ಲಿ ಚೆಲ್ಲಬೇಕು.