ಕಾಫಿ ಲೋಟ ಇಟ್ಕೊಂಡು ಡಿಫರೆನ್ಷಿಯಲ್ ಈಕ್ವೇಷನ್ ಶುರು ಮಾಡಿದ್ದು

ಸೆಕೆಂಡ್ ಪಿಯುಸಿ ಸೈನ್ಸ್ ಮಕ್ಕಳಿಗೆ ಗಣಿತ ಹೇಳ್ಕೊಡ್ತೀನಿ. ಡಿಫರೆನ್ಷಿಯಲ್ ಈಕ್ವೇಷನ್ (ಒಂದು ಬೆಲೆ ಎಷ್ಟು ಬೇಗ ಬದಲಾಗತ್ತೆ ಅಂತ ಹೇಳೋ ಸಮೀಕರಣ) ಚಾಪ್ಟರನ್ನ ಸುಮಾರು ವರ್ಷ ಟೆಕ್ಸ್ಟ್‌ಬುಕ್ಕಲ್ಲಿ ಹೇಗಿದೆಯೋ ಹಾಗೇ ಮಾಡ್ತಿದ್ದೆ, ಮೊದ್ಲು ಆರ್ಡರ್ ಮತ್ತೆ ಡಿಗ್ರಿ (ಈಕ್ವೇಷನ್ ಯಾವ ಥರದ್ದು ಅಂತ ಹೇಳೋ ಎರಡು ಸಂಖ್ಯೆ), ಆಮೇಲೆ ಜನರಲ್ ಸೊಲ್ಯೂಷನ್ನು, ಪರ್ಟಿಕ್ಯುಲರ್ ಸೊಲ್ಯೂಷನ್ನು, ಆಮೇಲೆ ಬಿಡಿಸೋ ವಿಧಾನಗಳು, ವೇರಿಯಬಲ್ ಸೆಪರಬಲ್, ಹೋಮೋಜೀನಿಯಸ್, ಲೀನಿಯರ್. ಮಕ್ಕಳು ಲೆಕ್ಕ ಮಾಡ್ತಿದ್ರು, ಮಾರ್ಕ್ಸೂ ಬರ್ತಿತ್ತು. ಒಂದಿನ ಡಿವೈ ಬೈ ಡಿಎಕ್ಸ್ (ಎಕ್ಸ್ ಬದಲಾದ ಹಾಗೆ ವೈ ಬದಲಾಗೋ ವೇಗ) ಈಕ್ವಲ್ ಟು ವೈ ಅನ್ನೋದನ್ನ ಬಿಡಿಸಿ, ವೈ ಈಕ್ವಲ್ ಟು ಸಿ ಇಂಟು ಇ ಪವರ್ ಎಕ್ಸ್ ಅಂತ ಬರ್ದು ಕೈ ಒರೆಸ್ಕೋತಾ ಇದ್ದೆ, ಎರಡನೇ ಬೆಂಚಿನ ಹುಡುಗಿ ಕೇಳಿದ್ಲು, "ಮೇಡಂ, ಈಗ ಆನ್ಸರ್ ಎಷ್ಟು?"

ಅವಳು ಒಂದು ನಂಬರ್‌ಗೆ ಕಾಯ್ತಾ ಇದ್ಲು. ಹೈಸ್ಕೂಲಿಂದ ಈಕ್ವೇಷನ್ ಸಾಲ್ವ್ ಮಾಡೋದು ಅಂದ್ರೆ ಎಕ್ಸ್ ಈಕ್ವಲ್ ಟು 3 ಅಂತ ಕೊನೇ ಸಾಲು ಬರೋದು ಅಂತಾನೇ ಅಲ್ವಾ ಕಲ್ತಿರೋದು, ಇಲ್ಲಿ ಹುಡುಕ್ತಿರೋದು ನಂಬರಲ್ಲ, ಪೂರ್ತಿ ಒಂದು ಫಂಕ್ಷನ್ನು ಅನ್ನೋದನ್ನ ನಾನು ಒಂದ್ಸಲಾನೂ ಬಾಯಿಬಿಟ್ಟು ಹೇಳಿರ್ಲಿಲ್ಲ. ಮಾರನೇ ವರ್ಷದಿಂದ ಆರ್ಡರ್ ಡಿಗ್ರಿನ ಮೂರನೇ ದಿನಕ್ಕೆ ತಳ್ಳಿದೆ.

ಈಗ ಮೊದಲ ಕ್ಲಾಸಿಗೆ ಕ್ಯಾಂಟೀನಿಂದ ಒಂದು ಸ್ಟೀಲ್ ಲೋಟದಲ್ಲಿ ಬಿಸಿ ಕಾಫಿ, ಕೆಮಿಸ್ಟ್ರಿ ಲ್ಯಾಬಿಂದ ಥರ್ಮಾಮೀಟರು ತರ್ಸ್ತೀನಿ. ಐದೈದು ನಿಮಿಷಕ್ಕೆ ಒಬ್ರು ಬಂದು ಎಷ್ಟು ಡಿಗ್ರಿ ಇದೆ ಅಂತ ಬೋರ್ಡ್ ಮೇಲೆ ಬರೀಬೇಕು. ಹೋದ ವರ್ಷ ಬಂದಿದ್ದು 80, 73, 66, 61, 56, 52, 49. ರೂಮಲ್ಲಿ 27 ಇತ್ತು. ಮೊದಲ ಐದು ನಿಮಿಷದಲ್ಲಿ 7 ಡಿಗ್ರಿ ಇಳೀತು, ಕೊನೇ ಐದು ನಿಮಿಷದಲ್ಲಿ ಬರೀ 3. ಯಾಕೆ ಅಂತ ಕೇಳಿದ್ರೆ "ಆಗಲೇ ಆರಿದೆಯಲ್ಲ ಮೇಡಂ" ಅಂತಾರೆ. ಸರಿ, ಯಾವುದಕ್ಕೆ ಹೋಲಿಸಿದ್ರೆ ಆರಿದೆ? ಆಗ ನಿಧಾನಕ್ಕೆ ರೂಮಿನ 27 ಮಾತಿಗೆ ಬರತ್ತೆ. ಎಲ್ಲದ್ರಿಂದ 27 ಕಳೀರಿ ಅಂದೆ, 53, 46, 39, 34, 29, 25, 22 ಬಂತು. ಈಗ ಒಂದೊಂದನ್ನೂ ಅದರ ಹಿಂದಿಂದ್ರಿಂದ ಭಾಗ್ಸಿ ನೋಡಿ. ಎಲ್ಲಾನೂ 0.85ಕ್ಕೂ 0.88ಕ್ಕೂ ಮಧ್ಯ ಬಂತು. ಆ ಹೊತ್ತಲ್ಲಿ ಕ್ಲಾಸಲ್ಲಿ ಒಂಥರಾ ಗದ್ದಲ ಆಗತ್ತೆ ನೋಡಿ, ನಂಗೆ ತುಂಬಾ ಇಷ್ಟ ಅದು.

ಆಮೇಲೆ ಅದನ್ನ ಮೊದ್ಲು ಕನ್ನಡದಲ್ಲೇ ಬರೆಸ್ತೀನಿ, "ಕಾಫಿ ರೂಮಿಗಿಂತ ಎಷ್ಟು ಬಿಸಿ ಇದೆಯೋ ಅದಕ್ಕೆ ತಕ್ಕಷ್ಟು ಬೇಗ ಆರತ್ತೆ." ಈ ಸಾಲನ್ನೇ ಗಣಿತದಲ್ಲಿ ಬರೆದ್ರೆ ಡಿಟಿ ಬೈ ಡಿಟಿ ಅಂತಾಗಿ ಗೊಂದಲ ಆಗತ್ತೆ, ಉಷ್ಣತೆಗೂ ಟೈಮಿಗೂ ಒಂದೇ ಅಕ್ಷರ, ಅದಕ್ಕೆ ಉಷ್ಣತೆಗೆ ವೈ ಅಂತ್ಲೇ ಇಟ್ಕೋತೀವಿ, ಡಿವೈ ಬೈ ಡಿಟಿ ಈಕ್ವಲ್ ಟು ಮೈನಸ್ ಕೆ ಇಂಟು ವೈ ಮೈನಸ್ 27 (ವೈ ಮೈನಸ್ 27 ಪೂರ್ತಿ ಬ್ರಾಕೆಟ್ ಒಳಗೆ, ಕೆ ಅಂದ್ರೆ ಎಷ್ಟು ಬೇಗ ಆರತ್ತೆ ಅಂತ ಹೇಳೋ ಸ್ಥಿರ ಸಂಖ್ಯೆ). ಇದು ನ್ಯೂಟನ್ 1701ರಲ್ಲಿ ಪ್ರಕಟ ಮಾಡಿದ ಕೂಲಿಂಗ್ ನಿಯಮ ಅಂತ ಕೊನೇಲಿ ಹೇಳ್ತೀನಿ, ಮೊದಲೇ ಹೇಳಿದ್ರೆ ಹೆಸರು ಬಾಯಿಪಾಠ ಮಾಡ್ಕೊಂಡು ಕೂತ್ಬಿಡ್ತಾರೆ.

ಇನ್ನೂ ಇಂಟಿಗ್ರೇಷನ್ ಮಾಡಲ್ಲ. ನಮ್ಮ ರೀಡಿಂಗ್‌ಗಳಿಂದ ಕೆ ಸುಮಾರು 0.029 ಅಂತ ನಾನೇ ಕೊಡ್ತೀನಿ, ಬರೀ ಗುಣಾಕಾರ ವ್ಯವಕಲನದಲ್ಲೇ ಮುಂದೆ ಹೋಗೋಕೆ ಹೇಳ್ತೀನಿ. ಈಗ ರೂಮಿಗಿಂತ 53 ಜಾಸ್ತಿ ಇದೆ, ಅಂದ್ರೆ ನಿಮಿಷಕ್ಕೆ 1.54 ಡಿಗ್ರಿ ಇಳೀತಾ ಇದೆ, ಐದು ನಿಮಿಷ ಇದೇ ಸ್ಪೀಡಲ್ಲಿ ಇಳಿದ್ರೆ 72.3. ಅಲ್ಲಿಂದ ಮತ್ತೆ ಸ್ಪೀಡ್ ಲೆಕ್ಕ ಹಾಕು, ಮತ್ತೆ ಐದು ನಿಮಿಷ. ಅರ್ಧ ಗಂಟೆಗೆ 47.7 ಬರತ್ತೆ, ಥರ್ಮಾಮೀಟರ್ ಹೇಳಿದ್ದು 49. "ಯಾಕೆ ಮೇಡಂ ಕಮ್ಮಿನೇ ಬರತ್ತೆ?" ಅಂತ ಯಾರಾದ್ರೂ ಕೇಳೇ ಕೇಳ್ತಾರೆ. ನಡುವಲ್ಲೂ ಅದು ನಿಧಾನ ಆಗ್ತಾನೇ ಇರತ್ತಲ್ಲ, ನಾವು ಐದು ನಿಮಿಷ ಪೂರ್ತಿ ಹಳೇ ಸ್ಪೀಡನ್ನೇ ಹಿಡ್ಕೊಂಡಿದ್ವಿ, ಗ್ರಾಫಲ್ಲಿ ನೋಡಿದ್ರೆ ಟ್ಯಾಂಜೆಂಟ್ (ಆ ಕ್ಷಣದ ಸ್ಪೀಡಲ್ಲೇ ನೇರ ಹೋಗೋ ಗೆರೆ) ಕರ್ವಿನ ಕೆಳಗೇ ಓಡತ್ತೆ. ಒಂದೊಂದೇ ನಿಮಿಷದ ಹೆಜ್ಜೆ ಇಟ್ರೆ 48.9 ಬರತ್ತೆ, ಅದನ್ನ ಕ್ಯಾಲ್ಕುಲೇಟರಲ್ಲಿ ಮನೇಲಿ ಮಾಡ್ಕೊಂಡು ಬರ್ತಾರೆ. ಗಣಿತಜ್ಞ ಆಯ್ಲರ್ ಇದನ್ನೇ 1768ರ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ. ಸಿಲಬಸ್ಸಲ್ಲಿ ಇಲ್ಲ, ಆದ್ರೆ ಒಂದು ಪೀರಿಯಡ್ ಇದಕ್ಕೆ ಕೊಟ್ಟಿದ್ದಕ್ಕೆ ನಂಗೆ ಯಾವತ್ತೂ ಬೇಜಾರಾಗಿಲ್ಲ, ಯಾಕಂದ್ರೆ ಇಲ್ಲಿ ಫಂಕ್ಷನ್ನು ಅವರ ಕೈಯಿಂದಾನೇ ಹೆಜ್ಜೆ ಹೆಜ್ಜೆಯಾಗಿ ಹುಟ್ಟತ್ತೆ.

ಎರಡನೇ ದಿನ ಚುಕ್ಕಿ. ಚುಕ್ಕಿ ರಂಗೋಲಿಗೆ ಇಟ್ಟ ಹಾಗೆ ಬೋರ್ಡ್ ತುಂಬಾ ಸಾಲಾಗಿ ಚುಕ್ಕಿ ಇಡ್ತೀನಿ, ನಡುವೆ ಒರಿಜಿನ್ನು, ಈಕ್ವೇಷನ್ನು ಡಿವೈ ಬೈ ಡಿಎಕ್ಸ್ ಈಕ್ವಲ್ ಟು ಮೈನಸ್ ಎಕ್ಸ್ ಬೈ ವೈ. ಒಬ್ಬೊಬ್ಬರಿಗೂ ಒಂದೊಂದು ಚುಕ್ಕಿ, ಅಲ್ಲಿ ಸ್ಲೋಪ್ ಎಷ್ಟು ಬರತ್ತೋ ಅಷ್ಟು ಓರೆಯಾಗಿ ಒಂದು ಚಿಕ್ಕ ಗೆರೆ ಎಳೀಬೇಕು. ಎಕ್ಸ್ ಆಕ್ಸಿಸ್ ಮೇಲಿನ ಚುಕ್ಕಿ ಸಿಕ್ಕಿದವರು ವೈ ಸೊನ್ನೆ ಅಂತ ನಿಂತ್ಬಿಡ್ತಾರೆ, ಅಕ್ಕಪಕ್ಕದವರ ಗೆರೆ ನೋಡಿ ನೆಟ್ಟಗೆ ನಿಲ್ಸ್‌ಬೇಕು ಅಂತ ಅವರೇ ಜಗಳ ಆಡ್ತಾರೆ. ಮೂವತ್ತು ನಲವತ್ತು ಗೆರೆ ಆಗೋಷ್ಟ್ರಲ್ಲಿ ಹಿಂದಿನ ಬೆಂಚಿಂದ "ಸರ್ಕಲ್, ಸರ್ಕಲ್" ಅಂತ ಕೂಗು. ಎಷ್ಟು ಸರ್ಕಲ್ಲು? ಎಷ್ಟ್ ಬೇಕಾದ್ರೂ. ನಿಂಗೆ ಯಾವುದು ಸಿಗತ್ತೆ? ಎಲ್ಲಿಂದ ಹೊರಡ್ತೀನೋ ಅದ್ರ ಮೇಲೆ. ಆರ್ಬಿಟ್ರರಿ ಕಾನ್ಸ್ಟೆಂಟ್ ಸಿ ಅಂದ್ರೆ ಏನು ಅಂತ ಇದಕ್ಕಿಂತ ಚೆನ್ನಾಗಿ ಹೇಳೋಕೆ ನಂಗೆ ಬೇರೆ ದಾರಿ ಗೊತ್ತಿಲ್ಲ.

ವೇರಿಯಬಲ್ ಸೆಪರಬಲ್ (ವೈ ಎಲ್ಲಾ ಒಂದು ಕಡೆ, ಎಕ್ಸ್ ಎಲ್ಲಾ ಇನ್ನೊಂದು ಕಡೆ ಮಾಡಿ ಬಿಡಿಸೋದು) ಬಂದಾಗ ಒಂದು ಕಡೆ ಹುಷಾರಾಗಿರ್ಬೇಕು. ಡಿವೈ ಬೈ ಡಿಎಕ್ಸ್ ಈಕ್ವಲ್ ಟು ವೈ ಲೆಕ್ಕದಲ್ಲಿ ಮಕ್ಕಳು ಸಿ ಮರೆತು, ಕೊನೇಲಿ ನೆನಪಾಗಿ ಇ ಪವರ್ ಎಕ್ಸ್ ಪ್ಲಸ್ ಸಿ ಅಂತ ಅಂಟಿಸ್ತಾರೆ. ತಪ್ಪು ಅಂತ ಕೆಂಪು ಇಂಕಲ್ಲಿ ಹೊಡೆಯೋ ಬದ್ಲು, ಅದನ್ನ ವಾಪಸ್ ಈಕ್ವೇಷನ್ನಿಗೆ ಹಾಕಿ ನೋಡು ಅಂತೀನಿ. ಎಡಗಡೆ ಇ ಪವರ್ ಎಕ್ಸ್, ಬಲಗಡೆ ಇ ಪವರ್ ಎಕ್ಸ್ ಪ್ಲಸ್ ಸಿ, ಸಿ ಸೊನ್ನೆ ಆದ್ರೆ ಮಾತ್ರ ಸರಿಹೋಗತ್ತೆ. ಇಂಟಿಗ್ರೇಟ್ ಮಾಡಿದ ಸಾಲಲ್ಲೇ ಸಿ ಬರೆದಿದ್ರೆ ಅದು ಗುಣಿಸ್ಕೊಂಡು ಬರ್ತಿತ್ತು ಅಂತ ಅವರಿಗೇ ಕಾಣತ್ತೆ. ಆನ್ಸರ್ ಸರಿಯಾ ಅಂತ ನನ್ನ ಮುಖ ನೋಡೋದು ಅಲ್ಲಿಗೆ ನಿಂತ್ಹೋಗತ್ತೆ. ಆರ್ಡರ್ ಡಿಗ್ರಿಗೆ ಆಮೇಲೆ ಅರ್ಧ ಪೀರಿಯಡ್ ಸಾಕು, ಪರೀಕ್ಷೆಗೆ ಬೇಕು, ಕಲೀತಾರೆ.

ಹೋದ ವರ್ಷ ಕೊನೇಲಿ ಒಂದು ಪ್ರಶ್ನೆ ಕೊಟ್ಟೆ, ಬಿಸಿ ಕಾಫಿ ಬದ್ಲು ಫ್ರಿಜ್ಜಿಂದ ತೆಗೆದ 10 ಡಿಗ್ರಿ ಮಜ್ಜಿಗೆ ಇಟ್ರೆ ಈಕ್ವೇಷನ್ ಹೇಗೆ ಬದಲಾಯಿಸ್ತೀರಾ ಅಂತ. ಅರ್ಧ ಕ್ಲಾಸು ಮೈನಸ್ ಅಳಿಸಿ ಪ್ಲಸ್ ಬರ್ಕೊಂಡಿತ್ತು. ಕಿಟಕಿ ಪಕ್ಕದ ಹುಡುಗ, ಅಷ್ಟೇನೂ ಮಾತಾಡೋನಲ್ಲ, ಎದ್ದು ನಿಂತು, "ಏನೂ ಬದಲಾಯಿಸೋದು ಬೇಡ ಮೇಡಂ, 10ರಲ್ಲಿ 27 ಹೋದ್ರೆ ಮೈನಸ್ಸು, ಮುಂದೆ ಇನ್ನೊಂದು ಮೈನಸ್ ಇದೆ, ತಾನಾಗೇ ಏರತ್ತೆ" ಅಂದ. ಮಾರನೇ ದಿನ ಅವನೇ ಮನೆಯಿಂದ ಬಾಟ್ಲಲ್ಲಿ ಮಜ್ಜಿಗೆ ತಂದಿದ್ದ, ಬಸ್ಸಲ್ಲಿ ಬರೋಷ್ಟ್ರಲ್ಲಿ 21 ಡಿಗ್ರಿ ಆಗ್ಬಿಟ್ಟಿತ್ತು, ಹೊರಟಾಗ ಎಷ್ಟಿತ್ತು ಅಂತ ಹಿಂದಕ್ಕೆ ಲೆಕ್ಕ ಹಾಕೋಕೆ ಕೂತ.