ಭೂಮಿಪೂಜೆಗೆ ಮೊದಲೇ ಎಸ್ಟಿಮೇಟ್ ಕೇಳಿ

2018ರ ಆಗಸ್ಟ್ 31ರ ನಗರಸಭೆ ಚುನಾವಣೆಯಲ್ಲಿ ನಾನು ಕಾರವಾರ ಪೇಟೆಯ ಒಂದು ವಾರ್ಡಿನಿಂದ ಪಕ್ಷೇತರನಾಗಿ ನಿಂತಿದ್ದೆ. ನನ್ನದು ಝೆರಾಕ್ಸ್ ಅಂಗಡಿ. ಬೆನ್ನಿಗೆ ಪಕ್ಷ ಇಲ್ಲ, ದುಡ್ಡೂ ಅಷ್ಟಕ್ಕಷ್ಟೆ. ಇದ್ದದ್ದು ಎರಡು ಮಾತು. ನಗರಸಭೆಯ ಕಾಗದ ಜನರ ಕಣ್ಣಿಗೆ ಬೀಳಬೇಕು. ಪೇಟೆ ಸುಧಾರಣೆ ಮಾಡುವವರು ಪೇಟೆಯಲ್ಲಿ ಕೂತು ದುಡಿಯುವವರನ್ನು ಮೊದಲು ಕೇಳಬೇಕು. ಗೆಲ್ಲಲಿಲ್ಲ. ಆದರೆ ಆ ಎರಡು ಮಾತನ್ನು ಮನೆಮನೆಗೆ ಒಯ್ದದ್ದು ಹೇಗೆ ಅಂತ ಈಗಲೂ ಕೆಲವರು ಕೇಳ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

‘ಪಾರದರ್ಶಕ ಆಡಳಿತ’ ಅಂತ ಎಲ್ಲರ ಕರಪತ್ರದಲ್ಲೂ ಇರ್ತದೆ. ಅಚ್ಚು ಹಾಕಿಕೊಡುವವನು ನಾನೇ, ನನಗೆ ಗೊತ್ತಿಲ್ವಾ! ಜನ ಹೂಂ ಅಂದು ಬಾಗಿಲು ಹಾಕ್ತಾರೆ. ಹಾಗಾಗಿ ಭಾಷಣ ಬಿಟ್ಟು ಒಂದು ಕಡತ ಹಿಡಿದುಕೊಂಡೆ.

ನಮ್ಮ ಗಲ್ಲಿಯಲ್ಲಿ ಹೊಸ ಗಟಾರ ಆಗಿತ್ತು. ಅರ್ಧ ಭಾಗಕ್ಕೆ ಸ್ಲ್ಯಾಬ್ ಇಲ್ಲ. ಸ್ಲ್ಯಾಬಿನ ದುಡ್ಡು ಯಾರೋ ನುಂಗಿದರು ಅಂತ ಊರೆಲ್ಲ ಮಾತು. ಯಾವ ಇಲಾಖೆಯ ಕೆಲಸ ಅನ್ನೋದು ಇಲ್ಲಿ ಬೇಡ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ನಮೂನೆ ‘ಎ’ ತುಂಬಿ, 10 ರೂಪಾಯಿ ಪೋಸ್ಟಲ್ ಆರ್ಡರ್ ಲಗತ್ತಿಸಿ ಕೊಟ್ಟೆ. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಅದೂ 150 ಶಬ್ದದೊಳಗೆ. ‘ಈ ಕಾಮಗಾರಿಯ ಪೂರ್ತಿ ವಿವರ ಕೊಡಿ’ ಅಂತ ಬರೆದರೆ ಕೆಲಸ ಆಗೋದಿಲ್ಲ. ಎಸ್ಟಿಮೇಟ್ (ಕೆಲಸ ಮತ್ತು ಖರ್ಚಿನ ಅಂದಾಜು ಪಟ್ಟಿ), ಕಾರ್ಯಾದೇಶ, ಆದ ಕೆಲಸ ಅಳೆದು ಬರೆಯುವ ಅಳತೆ ಪುಸ್ತಕದ ಪುಟಗಳು, ಕೊನೆಯ ಬಿಲ್ ಅಂತ ಕಾಗದದ ಹೆಸರನ್ನೇ ಬರೆಯಬೇಕು. ಉತ್ತರಕ್ಕೆ ಕಾಯ್ದೆ ಕೊಡುವ ಗಡುವು 30 ದಿನ. ಪುಟಕ್ಕೆ 2 ರೂಪಾಯಿ. ಗಡುವಿನೊಳಗೇ ಬಂತು.

ಬಂದದ್ದು ನನಗೆ ಸುಲಭಕ್ಕೆ ಅರ್ಥ ಆಗಲಿಲ್ಲ. ಸೆಂಟ್ರಿಂಗ್ ಮಾಡುವ ಮೇಸ್ತ್ರಿಯೊಬ್ಬರನ್ನು ಸಂಜೆ ಅಂಗಡಿಗೆ ಕರೆದೆ. ಕೌಂಟರ್ ಮೇಲೆ ಕಾಗದ ಹರಡಿ ಒಂದೊಂದೇ ಸಾಲು ಓದಿದೆವು. ಅಗೆತ ಇಷ್ಟು, ಬೆಡ್ಡಿಗೆ ಕಾಂಕ್ರೀಟ್ ಇಷ್ಟು, ಗೋಡೆಗೆ ಎಂ-20 ದರ್ಜೆಯ ಕಾಂಕ್ರೀಟ್. ಸ್ಲ್ಯಾಬಿನ ಸಾಲಿಗೆ ಬಂದಾಗ ಮೇಸ್ತ್ರಿ ಬೆರಳಿಟ್ಟು ನಿಲ್ಲಿಸಿದರು. ಮನೆ ಮತ್ತು ಅಂಗಡಿಗಳ ಬಾಗಿಲ ಎದುರಿಗೆ ಮಾತ್ರ ಅಂತ ಇತ್ತು. ಉದ್ದ ಲೆಕ್ಕ ಹಾಕಿದರೆ ಸ್ಥಳದಲ್ಲಿ ಇದ್ದಷ್ಟೇ. “ಇದ್ರಲ್ಲಿ ಯಾರೂ ತಿಂದಿಲ್ಲ ಮಾರಾಯ್ರೆ, ಬರೆದದ್ದೇ ಅಷ್ಟು” ಅಂದರು.

ನಿಜ ಹೇಳಬೇಕೆಂದರೆ ಚುನಾವಣೆಗೆ ನಿಂತವನಿಗೆ ಇದು ಸಿಹಿ ಸುದ್ದಿ ಅಲ್ಲ. ಕಳ್ಳ ಸಿಕ್ಕಿದ್ದರೆ ಓಟು ಸಿಗುತ್ತಿತ್ತೇನೋ. ಆದರೂ ಆ ಪುಟವನ್ನು ದೊಡ್ಡದು ಮಾಡಿ ಪ್ರಿಂಟ್ ತೆಗೆದು ಚಹಾ ಅಂಗಡಿಯ ಗೋಡೆಗೆ ಅಂಟಿಸಿದೆ. ಎರಡು ದಿನ ಅಲ್ಲಿ ಜಗಳವೋ ಜಗಳ. ಆಮೇಲೆ ಒಬ್ಬರು ಸರಿಯಾದ ಪ್ರಶ್ನೆ ಕೇಳಿದರು: ಹಾಗಾದ್ರೆ ಅರ್ಧ ಸ್ಲ್ಯಾಬ್ ಸಾಕು ಅಂತ ತೀರ್ಮಾನ ಆಗಿದ್ದು ಯಾವಾಗ?

ನಾನು ಹೇಳಬೇಕೆಂದಿದ್ದದ್ದು ಅದನ್ನೇ. ಮೊದಲು ಕ್ರಿಯಾಯೋಜನೆ, ಅಂದರೆ ಯಾವ್ಯಾವ ಕೆಲಸ ಮಾಡೋದು ಅನ್ನೋ ಪಟ್ಟಿ ಆಗ್ತದೆ, ಮಂಜೂರಿ ಸಿಗ್ತದೆ, ಎಸ್ಟಿಮೇಟ್, ಟೆಂಡರ್, ಕಾರ್ಯಾದೇಶ. ಅದೆಲ್ಲ ಮುಗಿದ ಮೇಲೆ ತೆಂಗಿನಕಾಯಿ ಒಡೆಯೋದು. ನಮಗೆ ಸುದ್ದಿ ಗೊತ್ತಾಗೋದು ತೆಂಗಿನಕಾಯಿ ಒಡೆದಾಗ. ಆಗ ಕೂಗಿದರೆ ಏನೂ ಬದಲಾಗೋದಿಲ್ಲ. ಕೇಳಬೇಕಾದ್ದು ಕ್ರಿಯಾಯೋಜನೆ ಪಟ್ಟಿ ಠರಾವಿಗೆ ಬರುವ ಮೊದಲು. ಆ ಪಟ್ಟಿಯನ್ನು ವಾರ್ಡಿನಲ್ಲಿ ಅಂಟಿಸುತ್ತೇನೆ ಅನ್ನೋದೇ ನನ್ನ ದೊಡ್ಡ ಭರವಸೆಯಾಗಿತ್ತು. ಬಜೆಟ್ ಪೂರ್ವಭಾವಿ ಸಭೆಗೂ ಜನ ಹೋಗಬೇಕು. ಹೆಚ್ಚಿನವರಿಗೆ ಅಂಥದ್ದೊಂದು ಸಭೆ ಇದೆ ಅಂತಲೇ ಗೊತ್ತಿಲ್ಲ.

ಪೇಟೆಯ ವಿಚಾರ ಇದಕ್ಕಿಂತ ಕಷ್ಟ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಸಮುದ್ರ, ನಡುವೆ ನಾವು. ಸಮುದ್ರ ಏರುವ ಭರತಿ ಹೊತ್ತಿಗೆ ಜೋರು ಮಳೆ ಹೊಡೆದರೆ ಗಟಾರದ ನೀರು ಸಮುದ್ರಕ್ಕೆ ಇಳಿಯೋದೇ ಇಲ್ಲ. ಹಾಗಾಗಿ ಇಂಟರ್‌ಲಾಕ್, ಬಣ್ಣದ ಲೈಟು ಆಮೇಲೆ, ಮೊದಲು ಗಟಾರದ ಲೆವೆಲ್ ನೋಡಿ ಅಂತ ಹೇಳುತ್ತಿದ್ದೆ. ವ್ಯಾಪಾರಿಗಳಿಗೆ ಇದು ಕೂಡಲೇ ಅರ್ಥ ಆಗ್ತದೆ, ನೀರು ನುಗ್ಗೋದು ಅವರ ಅಂಗಡಿಗೇ ಅಲ್ವಾ.

ಒಪ್ಪದ ವಿಷಯವೂ ಇತ್ತು: ರಸ್ತೆ ಬದಿ ಕೂರುವವರು. ಅವರನ್ನು ಎಬ್ಬಿಸಿ ಪಾರ್ಕಿಂಗ್ ಮಾಡಿ ಅಂತ ಅಂಗಡಿಯವರು. ಕಟ್ಟಡ ಕಟ್ಟಿ ಒಳಗೆ ಕೂರಿಸಿ ಅಂತ ಇನ್ನು ಕೆಲವರು. ಅಂಕೋಲೆ ಕಡೆಯಿಂದ ತರಕಾರಿ ತರುವ ಒಬ್ಬ ಹಾಲಕ್ಕಿ ಅಜ್ಜಿಯನ್ನು ಕೇಳಿದೆ. ಬುಟ್ಟಿಯ ಮೇಲೆ ನೀರು ಚಿಮುಕಿಸುತ್ತಲೇ, “ತಮಾ, ಒಳಗೆ ಕೂತ್ರೆ ನನ್ನ ಬಸಳೆ ಯಾರಿಗೆ ಕಾಣ್ತದೆ?” ಅಂದಳು. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಅವಳ ಪರವಾಗಿಯೇ ಇದೆ. ಸಮೀಕ್ಷೆ ಮುಗಿಯುವ ತನಕ ಎಬ್ಬಿಸುವ ಹಾಗಿಲ್ಲ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ 40 ಶೇಕಡಾ ಬೀದಿ ವ್ಯಾಪಾರಿಗಳೇ ಇರಬೇಕು. ಜಾಗ ಗುರುತಿಸುವ ಮಾತು ಆ ಸಮಿತಿಯಲ್ಲಿ ಆಗಲಿ ಅಂದೆ. ಇದರಿಂದ ಅಂಗಡಿಯವರ ಓಟು ಕೆಲವು ಹೋಯಿತು, ಹೋಗಲಿ. ರವಿವಾರ ಸಂತೆಗೆ ಜನ ಬರೋದರಿಂದಲೇ ಅವರಿಗೂ ವ್ಯಾಪಾರ ಅಂತ ನಾನು ಈಗಲೂ ಹೇಳ್ತೇನೆ.

ವಾರ್ಡ್ ಸಮಿತಿ ಮಾಡಿ ಅಂತ ಕೆಲವರು ಸಲಹೆ ಕೊಟ್ಟರು. ಸಂವಿಧಾನ ಅದನ್ನು ಕಡ್ಡಾಯ ಮಾಡಿದ್ದು 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ಊರುಗಳಿಗೆ. ಕಾರವಾರ ಅದರ ಹತ್ತಿರಕ್ಕೂ ಬರೋದಿಲ್ಲ. ಹಾಗಾಗಿ ನಮ್ಮಲ್ಲಿ ಚಹಾ ಅಂಗಡಿ ಗೋಡೆಯೇ ಗತಿ. 2018ರಲ್ಲಿ ಗೆದ್ದವರ ಕಥೆಯೂ ಅಷ್ಟು ಸುಖದ್ದಲ್ಲ. ಅಧ್ಯಕ್ಷ ಸ್ಥಾನದ ಮೀಸಲಾತಿ ವಿವಾದ ಕೋರ್ಟು ಹತ್ತಿ, ಅಧಿಕಾರ ಕೈಗೆ ಬರುವಾಗ 2020 ಆಗಿತ್ತು. ಅಲ್ಲಿಯ ತನಕ ಸರ್ಕಾರಿ ಆಡಳಿತಾಧಿಕಾರಿಯದ್ದೇ ಆಡಳಿತ. ಸದಸ್ಯ ಇರಲಿ, ಇಲ್ಲದಿರಲಿ, ನಮೂನೆ ‘ಎ’ ನಡೆಯುತ್ತದೆ. ಅಂಗಡಿಯಲ್ಲಿ ಒಂದು ಕಟ್ಟು ಇಟ್ಟಿರುತ್ತೇನೆ.

ಮತ್ತೆ ನಿಲ್ಲುತ್ತೀರಾ ಅಂತ ಕೇಳ್ತಾರೆ. ಅದು ಮೀಸಲಾತಿ ಹೇಗೆ ಬರ್ತದೆ ಅನ್ನೋದರ ಮೇಲೆ. ವಾರ್ಡು ಮಹಿಳೆಗೆ ಬಂದರೆ ಹೆಂಡತಿಯನ್ನು ನಿಲ್ಲಿಸಿ ಅನ್ನುವವರಿದ್ದಾರೆ. ಅವಳಿಗೆ ಇಷ್ಟ ಇಲ್ಲ, ಗಂಡ ಹೆಸರಿಗೆ ಹೆಂಡತಿಯನ್ನು ನಿಲ್ಲಿಸುವುದು ನನಗೂ ಸರಿ ಕಾಣೋದಿಲ್ಲ. ಮೀನು ಮಾರುವ ಒಬ್ಬ ಹೆಂಗಸನ್ನು ಚುನಾವಣೆಗೆ ನಿಲ್ಲಲು ಒಪ್ಪಿಸುತ್ತಿದ್ದೇನೆ. ಮಧ್ಯಾಹ್ನ ಬುಟ್ಟಿ ಖಾಲಿಯಾದ ಮೇಲೆ ಬಂದು ಹಳೆಯ ಎಸ್ಟಿಮೇಟ್ ಓದುತ್ತಾರೆ. ಲೆಕ್ಕದಲ್ಲಿ ನನಗಿಂತ ಚುರುಕು.