ಮೂರು ತಲೆಮಾರು, ಒಂದು ಹಡಗು: ಬಂದರಿನ ದಿನ ಕೆಡದ ಹಾಗೆ ನೋಡಿಕೊಳ್ಳುವುದು ಹೇಗೆ?

ಹೋದ ದಸರಾ ರಜೆಯಲ್ಲಿ ಗೋವಾದ ಮರ್ಮಗೋವಾ ಬಂದರಿನ ಗೇಟಿನ ಪಕ್ಕ ಒಬ್ಬ ಅಜ್ಜಿ ಕಟ್ಟೆಯ ಮೇಲೆ ಕೂತಿದ್ದರು. ಚಪ್ಪಲಿ ಕಾಲಲ್ಲಿರಲಿಲ್ಲ, ಮಡಿಲಲ್ಲಿತ್ತು. ಪಾದ ಊದಿತ್ತು. ಮಗ ಗೇಟಿನವರ ಹತ್ತಿರ ಏನೋ ಜಗಳ ಆಡುತ್ತಿದ್ದ, ಸೊಸೆ ಅಳುವ ಮಗುವನ್ನು ಎತ್ತಿಕೊಂಡು ಹಡಗಿನ ಕಡೆಗೇ ನೋಡುತ್ತಿದ್ದಳು. ಮಾತು ಕೇಳಿದರೆ ಸಿಂಧನೂರು ಕಡೆಯವರು. ಹಳೇ ಗೋವಾ, ಮಂಗೇಶಿ, ಕಲಂಗುಟ್ ಬೀಚು ಮೂರನ್ನೂ ಒಂದೇ ದಿನ ಮುಗಿಸಲು ಹೋಗಿದ್ದರಂತೆ. "ಹಡಗ ನೋಡಾಕ ಬಂದಿದ್ದೆ, ದಿನಪೂರ್ತಿ ಬಿಸಿಲ ತೋರಿಸಿದ್ರು ನೋಡಪ್ಪ" ಅಂದರು ಅಜ್ಜಿ.

ನಾವು ಗಂಗಾವತಿಯಿಂದ ಹನ್ನೊಂದು ಜನ ಹೋಗಿದ್ದೆವು. ನಮ್ಮವ್ವ, ದೊಡ್ಡಪ್ಪ, ಅಣ್ಣ, ಅತ್ತಿಗೆ, ಮಕ್ಕಳು ಎಲ್ಲಾ ಸೇರಿ. ಕ್ರೂಸ್ ಪ್ರವಾಸ (ಹಡಗಿನಲ್ಲೇ ಉಳಿದು ಬಂದರಿನಿಂದ ಬಂದರಿಗೆ ಸುತ್ತುವುದು) ಹಡಗಿನೊಳಗೆ ಕೆಡುವುದು ಕಡಿಮೆ. ಅದು ಕೆಡುವುದು ಬಂದರಿನಲ್ಲಿ ಇಳಿದ ಆ ಕೆಲವು ಗಂಟೆಗಳಲ್ಲಿ. ಅದಕ್ಕೇ ಆ ಭಾಗವನ್ನು ಸ್ವಲ್ಪ ಜಾಸ್ತಿಯೇ ಬರೆದಿದ್ದೇನೆ.

ಮೊದಲು: ದಿನ, ಟಿಕೆಟ್, ರೈಲು

ನಮ್ಮ ಕಡೆಯವರಿಗೆ ದಸರಾ ರಜೆಯೇ ಸರಿ. ಭತ್ತದ ನಾಟಿ ಮುಗಿದಿರುತ್ತದೆ, ಕಟಾವು ಶುರುವಾಗಿರುವುದಿಲ್ಲ. ಮಕ್ಕಳಿಗೂ ಶಾಲೆ ಇಲ್ಲ. ಮುಂಗಾರಿನಲ್ಲಿ ಮಾತ್ರ ಬೇಡ, ಅರಬ್ಬಿ ಸಮುದ್ರ ಆಗ ಒರಟು.

ಜಾಹೀರಾತಿನ ದರ ನೋಡಿ ಲೆಕ್ಕ ಹಾಕಬೇಡಿ. ಅದರ ಮೇಲೆ ಬಂದರು ಶುಲ್ಕ, ಟಿಪ್ಸ್, ಜಿಎಸ್‌ಟಿ ಕೂಡಿದ ಮೇಲಿನ ಮೊತ್ತ ಎಷ್ಟು ಅಂತ ಕೇಳಿ, ಬರೆಸಿಕೊಳ್ಳಿ. ಬಸುರಿ ಹೆಂಗಸರು, ಕೈಗೂಸು ಇದ್ದರೆ ಬುಕ್ ಮಾಡುವ ಮೊದಲೇ ಕೇಳಬೇಕು. ಸಾಮಾನ್ಯವಾಗಿ 24 ವಾರ ದಾಟಿದ ಬಸುರಿಯರನ್ನೂ ಆರು ತಿಂಗಳೊಳಗಿನ ಕೂಸುಗಳನ್ನೂ ಹತ್ತಿಸಿಕೊಳ್ಳುವುದಿಲ್ಲ.

ಹಡಗು ಮುಂಬಯಿಯಲ್ಲಿ ಹತ್ತುವುದಾದರೆ ರಾಯಚೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹಿಡಿಯಿರಿ. ಮುಂಬಯಿಯ ಸಿಎಸ್‌ಎಂಟಿ ನಿಲ್ದಾಣದಲ್ಲಿ ಇಳಿದರೆ ಬಲ್ಲಾರ್ಡ್ ಪಿಯರ್‌ನ ಕ್ರೂಸ್ ಟರ್ಮಿನಲ್ ಹತ್ತಿರವೇ. ನಿಮ್ಮ ಹಡಗು ಗೋವಾದಲ್ಲೇ ಇಳಿಸುವುದಾದರೆ ಇನ್ನೂ ಅನುಕೂಲ. ಮರ್ಮಗೋವಾ ಬಂದರಿನ ಪಕ್ಕದ ವಾಸ್ಕೊ ಊರಿನಿಂದ ಹೊರಡುವ ಅಮರಾವತಿ ಎಕ್ಸ್‌ಪ್ರೆಸ್ ಕೊಪ್ಪಳ, ಹೊಸಪೇಟೆ, ಬಳ್ಳಾರಿ ಮೇಲೇ ಬರುತ್ತದೆ. ಆದರೆ ಅದು ದಿನಾ ಇಲ್ಲ, ವಾರ ನೋಡಿಕೊಳ್ಳಿ. ಮತ್ತೆ ಹಡಗು ಹೊರಡುವ ಹಿಂದಿನ ದಿನವೇ ಊರು ಮುಟ್ಟಿರಬೇಕು. ರೈಲು ತಡವಾಯಿತು ಅಂತ ಹಡಗು ನಿಲ್ಲುವುದಿಲ್ಲ.

ಕೋಣೆ

ವಯಸ್ಸಾದವರಿಗೆ ಕೆಳಗಿನ ಡೆಕ್‌ನಲ್ಲಿ (ಹಡಗಿನ ಅಂತಸ್ತು), ಹಡಗಿನ ನಡುಭಾಗದಲ್ಲಿ, ಲಿಫ್ಟಿಗೆ ಹತ್ತಿರ ಕೋಣೆ ಕೇಳಿ. ಅಲ್ಲಿ ತೂಗಾಟ ಕಡಿಮೆ. ಬಾಲ್ಕನಿಗೆ ಎರಡರಷ್ಟು ದುಡ್ಡು ಕೊಡುವುದು ನನ್ನ ಪ್ರಕಾರ ದಂಡ, ಕಿಟಕಿ ಇದ್ದರೆ ಸಾಕು. ನಾಲ್ಕು ಜನರ ಕೋಣೆಯಲ್ಲಿ ಎರಡು ಹಾಸಿಗೆ ಗೋಡೆಯಿಂದ ಇಳಿಬಿಡುವ ಮೇಲಿನ ಬರ್ತ್ ಆಗಿರುತ್ತವೆ. ಅವು ಮಕ್ಕಳಿಗೆ. ಅಜ್ಜಿಯನ್ನು ಅಲ್ಲಿಗೆ ಹತ್ತಿಸುವ ಧೈರ್ಯ ಯಾರೂ ಮಾಡಬೇಡಿ.

ಚೀಲ

ಬಿಪಿ, ಶುಗರ್ ಮಾತ್ರೆ ಕೈಚೀಲದಲ್ಲೇ ಇರಲಿ. ದೊಡ್ಡ ಬ್ಯಾಗ್‌ಗಳನ್ನು ಟರ್ಮಿನಲ್‌ನಲ್ಲೇ ತೆಗೆದುಕೊಳ್ಳುತ್ತಾರೆ, ಕೋಣೆಗೆ ಬರುವಷ್ಟರಲ್ಲಿ ಸಂಜೆ ಆಗಬಹುದು. ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಕೆಟಲ್ ಒಳಗೆ ಬಿಡುವುದಿಲ್ಲ. ಮನೆಯ ತಿಂಡಿಯೂ ಸಾಮಾನ್ಯವಾಗಿ ತಪಾಸಣೆಯಲ್ಲೇ ಉಳಿಯುತ್ತದೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿಯನ್ನು ರೈಲಿನಲ್ಲೇ ಖಾಲಿ ಮಾಡಿ. ನಮ್ಮವ್ವನ ಎಲೆ ಅಡಿಕೆ ಚೀಲದ ಬಗ್ಗೆ ಟರ್ಮಿನಲ್‌ನಲ್ಲಿ ಹತ್ತು ನಿಮಿಷ ಪಂಚಾಯ್ತಿ ನಡೆಯಿತು.

ವಾಂತಿ ತಡೆಯಲು ಮಣಿಕಟ್ಟಿಗೆ ಹಾಕುವ ಗುಂಡಿ ಪಟ್ಟಿ ಮಾರುತ್ತಾರಲ್ಲ, ಆನ್‌ಲೈನ್‌ನಲ್ಲಿ ನಾಲ್ಕು ತರಿಸಿದ್ದೆ. ಸುಮ್ನೆ ದುಡ್ಡು ಹೋಯಿತು. ಡಾಕ್ಟರನ್ನು ಕೇಳಿ ಮಾತ್ರೆ ತಗೊಳ್ಳಿ, ತಲೆ ತಿರುಗಿದ ಮೇಲಲ್ಲ, ಹೊರಡುವ ಮೊದಲೇ. ಮೊಬೈಲ್ ಅನ್ನು ಹಡಗು ಹೊರಟ ಕೂಡಲೇ ಏರೋಪ್ಲೇನ್ ಮೋಡ್‌ಗೆ ಹಾಕಿ. ನಡುಸಮುದ್ರದಲ್ಲಿ ಫೋನು ಹಡಗಿನ ಸ್ಯಾಟಲೈಟ್ ನೆಟ್‌ವರ್ಕ್ ಹಿಡಿದರೆ ಬಿಲ್ಲು ನೋಡಿ ಎದೆ ಒಡೆಯುತ್ತದೆ.

ಬಂದರಿನ ದಿನ: ಗಡಿಯಾರವನ್ನು ಹಿಂದಿನಿಂದ ಎಣಿಸಿ

ಈಗ ಮುಖ್ಯ ಮಾತಿಗೆ ಬರೋಣ. ಟಿಕೆಟ್‌ನಲ್ಲಿ "ಗೋವಾ, ಬೆಳಿಗ್ಗೆ 8ರಿಂದ ಸಂಜೆ 6" ಅಂತ ಇರುತ್ತದೆ ಅಂದುಕೊಳ್ಳಿ. ಓದಿದವರು ಹತ್ತು ಗಂಟೆ ಅಂದುಕೊಳ್ಳುತ್ತಾರೆ. ತಪ್ಪುವುದು ಇಲ್ಲೇ.

ಸಂಜೆಯಿಂದ ಶುರು ಮಾಡಿ. ಹಡಗು ಹೊರಡುವುದು 6ಕ್ಕೆ ಆದರೂ ಎಲ್ಲರೂ ಒಳಗಿರಬೇಕಾದ ಹೊತ್ತು ಅದಕ್ಕಿಂತ ಮೊದಲೇ ಇರುತ್ತದೆ. 5 ಅಂತ ಇಟ್ಟುಕೊಳ್ಳಿ. ಬಂದರಿನ ಗೇಟಿನಿಂದ ಹಡಗಿನ ತನಕ ಗುರುತಿನ ಚೀಟಿ, ಸ್ಕ್ಯಾನರ್, ಒಳಗಿನ ಬಸ್ಸು ಅಂತ ಅರ್ಧ ಗಂಟೆ, ಅಂದರೆ ಗೇಟಿಗೆ 4.30. ದಾರಿಯ ಟ್ರಾಫಿಕ್ಕಿಗೆ, ಯಾರಿಗೋ ಮೂತ್ರಕ್ಕೆ ನಿಲ್ಲಿಸುವುದಕ್ಕೆ ಒಂದು ಗಂಟೆ, ಅಂದರೆ 3.30. ಹಳೇ ಗೋವಾದಿಂದ ಮರ್ಮಗೋವಾ ಸುಮಾರು 30 ಕಿ.ಮೀ., ಒಂದು ಗಂಟೆ ಹಿಡಿಯಿರಿ. ಹಾಗಾದರೆ ಅಲ್ಲಿಂದ 2.30ಕ್ಕೆ ಬಿಡಬೇಕು. ಬೆಳಿಗ್ಗೆ ಹಡಗು 8ಕ್ಕೆ ಕಟ್ಟಿದರೂ ಪರವಾನಗಿ, ಸಾಲು ಎಲ್ಲಾ ಮುಗಿದು ಗೇಟು ದಾಟುವಾಗ 9.30. ಹಳೇ ಗೋವಾ ಮುಟ್ಟಿದಾಗ 10.30. ಹತ್ತು ಗಂಟೆಯಲ್ಲಿ ನೋಡಲು ಸಿಕ್ಕಿದ್ದು ನಾಲ್ಕು! ಅದರಲ್ಲಿ ಊಟವೂ ಆಗಬೇಕು. ಎರಡು ಜಾಗ ನೋಡಿದರೆ ನಿಮ್ಮ ಪುಣ್ಯ. ಕಲಂಗುಟ್ ಮರ್ಮಗೋವಾದಿಂದ 40 ಕಿ.ಮೀ. ಮೇಲಿದೆ, ಮರೆತುಬಿಡಿ. ಮರಳು ಬೇಕೇ ಬೇಕು ಅನ್ನುವ ಮಕ್ಕಳನ್ನು ವಾಸ್ಕೊ ಪಕ್ಕದ ಬೊಗ್ಮಾಲೊ ಬೀಚಿಗೆ ಕರೆದುಕೊಂಡು ಹೋಗಿ.

ಈ ಲೆಕ್ಕವನ್ನು ಕಾಗದದ ಮೇಲೆ ದೊಡ್ಡದಾಗಿ ಬರೆದು ಡ್ರೈವರ್ ಕೈಗೂ ಒಂದು ಕೊಡಿ. ಹಡಗಿನವರೇ ಮಾರುವ ಟೂರಿಗೆ ಹೋದರೆ ಬಸ್ಸು ತಡವಾದರೂ ಕಾಯುವ ಹೊಣೆ ಅವರದು. ಸ್ವಂತ ಗಾಡಿಯಲ್ಲಿ ಹೋದರೆ ಆ ಹೊಣೆ ನಿಮ್ಮದು. ದುಬಾರಿ ಆದರೂ ಗೋವಾದಲ್ಲಿ ಹಡಗಿನ ಟೂರು, ಕೊಚ್ಚಿಯಲ್ಲಿ ಸ್ವಂತ ಗಾಡಿ, ಇದು ನನ್ನ ಹಟ. ಕೊಚ್ಚಿಯಲ್ಲಿ ಹಡಗು ನಿಲ್ಲುವ ವಿಲಿಂಗ್ಡನ್ ದ್ವೀಪದಿಂದ ಮಟ್ಟಾಂಚೇರಿ, ಫೋರ್ಟ್ ಕೊಚ್ಚಿ ಎರಡೂ ಹತ್ತಿರ. ಟಿಟಿ (ಟೆಂಪೋ ಟ್ರಾವೆಲರ್) ಬಾಡಿಗೆ ಮಾಡಿಕೊಂಡರೆ ಜೊತೆಗೆ ಒಂದು ಪ್ಲಾಸ್ಟಿಕ್ ಸ್ಟೂಲ್ ಇರಲಿ. ಟಿಟಿಯ ಮೊದಲ ಮೆಟ್ಟಿಲು ಮಂಡಿ ನೋವಿನವರಿಗೆ ಹಿಮಾಲಯ.

ಎರಡು ತಂಡ ಮಾಡಿ

ಎಲ್ಲರೂ ಒಟ್ಟಿಗೇ ಇರಬೇಕು ಅನ್ನುವುದು ನಮ್ಮ ಮನೆಗಳ ದೊಡ್ಡ ರೋಗ. ಹನ್ನೊಂದು ಜನ ಒಟ್ಟಿಗೆ ನಡೆದರೆ ಎಲ್ಲರೂ ಮಂಡಿ ನೋವಿನವರ ವೇಗಕ್ಕೆ ನಡೆಯುತ್ತಾರೆ, ಮಂಡಿ ನೋವಿನವರು ಮಾತ್ರ ತಮ್ಮಿಂದ ಎಲ್ಲರಿಗೂ ತೊಂದರೆ ಅಂತ ನೋವು ನುಂಗಿಕೊಂಡು ನಡೆಯುತ್ತಾರೆ. ಕೊಚ್ಚಿಯಲ್ಲಿ ನಾವು ಮಂಡಿ ತಂಡ, ಕಾಲು ತಂಡ ಅಂತ ಎರಡು ಮಾಡಿದೆವು. ಕಾಲು ತಂಡ ಮಟ್ಟಾಂಚೇರಿ ಅರಮನೆಗೆ, 1568ರ ಯಹೂದಿ ದೇವಾಲಯಕ್ಕೆ ಹೋಯಿತು. (ಅರಮನೆಗೆ ಶುಕ್ರವಾರ ರಜೆ, ಯಹೂದಿ ದೇವಾಲಯಕ್ಕೆ ಶನಿವಾರ. ಹಡಗು ಯಾವ ವಾರ ಮುಟ್ಟುತ್ತದೆ ಅಂತ ಮನೆಯಲ್ಲೇ ನೋಡಿಕೊಳ್ಳಿ.) ಮಂಡಿ ತಂಡ ಫೋರ್ಟ್ ಕೊಚ್ಚಿಯಲ್ಲಿ ಚೀನಾ ಬಲೆಗಳ ಹತ್ತಿರ ನೆರಳಲ್ಲಿ ಕೂತಿತು. ಬಲೆ ಮೇಲೆದ್ದಾಗ ಒಳಗೆ ನಾಲ್ಕೇ ಮೀನು ಕಂಡು ಅವ್ವ ಒಂದು ಗಂಟೆ ನಕ್ಕಳು. ಪಕ್ಕದಲ್ಲೇ ಸಂತ ಫ್ರಾನ್ಸಿಸ್ ಚರ್ಚ್ ಇದೆ. 1524ರಲ್ಲಿ ಸತ್ತ ವಾಸ್ಕೋ ಡ ಗಾಮನನ್ನು ಹೂತಿದ್ದು ಅಲ್ಲೇ, 1539ರಲ್ಲಿ ಎಲುಬು ಪೋರ್ಚುಗಲ್‌ಗೆ ಒಯ್ದರು. "ಹಂಗಾರ ಖಾಲಿ ಗುಂಡಿ ನೋಡಾಕ ಕರ್ಕೊಂಡು ಬಂದೇನು?" ಅಂದರು ದೊಡ್ಡಪ್ಪ.

ಎರಡು ತಂಡವೂ ಊಟಕ್ಕೆ ಸೇರಲಿ. ಬಂದರಿನ ಗೇಟಿನಲ್ಲೇ ಸೇರೋಣ ಅಂತ ಮಾತ್ರ ಹೇಳಬೇಡಿ, ಒಬ್ಬರು ತಡವಾದರೆ ಎಲ್ಲರ ಎದೆ ಡವಡವ. ಇನ್ನೊಂದು ಮಾತು. ಮಂಡಿ ತಂಡಕ್ಕೆ ಕಾವಲು ನಿಲ್ಲುವುದು ಯಾವಾಗಲೂ ಸೊಸೆಯೇ ಆಗಿರುತ್ತಾಳೆ, ಅಲ್ವಾ? ಪಾಳಿ ಹಾಕಿ. ಗೋವಾದಲ್ಲಿ ಅತ್ತಿಗೆ ಕೂತರೆ ಕೊಚ್ಚಿಯಲ್ಲಿ ಅಣ್ಣ ಕೂರಲಿ.

ಹಡಗಿನಿಂದ ಇಳಿಯುವ ಏಣಿದಾರಿಯನ್ನೂ ಗಮನಿಸಿ. ಅದರ ಇಳಿಜಾರು ದಿನಪೂರ್ತಿ ಒಂದೇ ಥರ ಇರುವುದಿಲ್ಲ. ನೀರು ಏರಿದ ಹಾಗೆ ಹಡಗೂ ಏರುತ್ತದೆ. ಗೋವಾದಲ್ಲಿ ಬೆಳಿಗ್ಗೆ ಅವ್ವ ಕೋಲಿಲ್ಲದೆ ಇಳಿದಿದ್ದಳು. ಸಂಜೆ ನೋಡಿದರೆ ಅದೇ ದಾರಿ ಕಡಿದಾಗಿ ನಿಂತಿತ್ತು. ಕಬ್ಬಿಣದ ಕಂಬಿ ಬಿಸಿಲಿಗೆ ಕಾದು ಕೈ ಇಡಲಾಗುತ್ತಿರಲಿಲ್ಲ. ಸೆರಗು ಸುತ್ತಿಕೊಂಡು ಹಿಡಿದು, ಹೆಜ್ಜೆಗೊಮ್ಮೆ ನಿಂತು ಹತ್ತಿದಳು. ಹಿಂದೆ ಐವತ್ತು ಜನ ಕಾಯುತ್ತಿದ್ದರು. ಕಾಯಲಿ ಬಿಡಿ. ಒಬ್ಬರು ಮುಂದೆ, ಒಬ್ಬರು ಹಿಂದೆ ಇರಿ. ತೋಳು ಹಿಡಿದು ಎಳೆಯಬೇಡಿ, ಅವರೇ ನಿಮ್ಮ ಭುಜ ಹಿಡಿಯಲಿ.

ಲಕ್ಷದ್ವೀಪ ಇರುವ ಟಿಕೆಟ್ ತಗೊಂಡಿದ್ದರೆ ಪ್ರವೇಶ ಪರವಾನಗಿ ಯಾರು ಮಾಡಿಸುತ್ತಾರೆ ಅಂತ ಮೊದಲೇ ಕೇಳಿ. ಅಲ್ಲಿ ದೊಡ್ಡ ಹಡಗು ದಡಕ್ಕೆ ಬರುವುದಿಲ್ಲ. ಸಮುದ್ರದಲ್ಲೇ ನಿಂತು ಸಣ್ಣ ದೋಣಿಗೆ ಇಳಿಸುತ್ತಾರೆ. ಅಲೆಗೆ ದೋಣಿ ಮೇಲೆದ್ದ ಆ ಕ್ಷಣಕ್ಕೇ ಹೆಜ್ಜೆ ಇಡಬೇಕು. ಮಂಡಿ, ಸೊಂಟ, ಕಣ್ಣು ಯಾವುದರಲ್ಲಿ ತೊಂದರೆ ಇದ್ದರೂ ಹಡಗಲ್ಲೇ ಉಳಿಯಿರಿ. ಉಳಿದವರಿಗೆ ನಷ್ಟ ಆಯಿತು ಅಂದುಕೊಳ್ಳಬೇಡಿ. ಎಲ್ಲರೂ ಇಳಿದ ಮೇಲೆ ಹಡಗು ಖಾಲಿ, ಊಟಕ್ಕೆ ಸಾಲಿಲ್ಲ, ಕುರ್ಚಿಗೆ ಜಗಳವಿಲ್ಲ. ಗೋವಾದ ದಿನ ದೊಡ್ಡಪ್ಪ ಇಳಿಯಲೇ ಇಲ್ಲ. ಅತ್ತಿಗೆಯ ಜೊತೆ ಡೆಕ್ ಮೇಲೆ ಕೂತು ಬಂದರಿನಲ್ಲಿ ಅದಿರು ತುಂಬುವುದನ್ನು ನೋಡಿದರು. ಸಂಡೂರಿನ ಗಣಿ ಲಾರಿಗಳನ್ನು ಕಂಡವರು, ಇದೇ ಚೆನ್ನಾಗಿತ್ತು ಅಂದರು.

ಕೊನೆಯ ರಾತ್ರಿ

ಇಳಿಯುವ ಹಿಂದಿನ ರಾತ್ರಿ ದೊಡ್ಡ ಬ್ಯಾಗ್‌ಗಳನ್ನು ಕೋಣೆಯ ಹೊರಗಿಡಲು ಹೇಳುತ್ತಾರೆ, ಬೆಳಿಗ್ಗೆ ಅವು ಟರ್ಮಿನಲ್‌ನಲ್ಲಿ ಸಿಗುತ್ತವೆ. ಮರುದಿನ ಹಾಕುವ ಬಟ್ಟೆ, ಹಲ್ಲಿನ ಸೆಟ್ಟು, ಬೆಳಗಿನ ಮಾತ್ರೆ ತೆಗೆದಿಟ್ಟುಕೊಂಡೇ ಜಿಪ್ ಹಾಕಿ. ನಾನು ಎರಡು ಸಲ ಹೇಳಿದ್ದೆ. ಆದರೂ ನಮ್ಮಣ್ಣ ಮುಂಬಯಿಯಲ್ಲಿ ಇಳಿದದ್ದು ಲುಂಗಿಯಲ್ಲೇ.